ಗಣಕ ನೆರವಿನ ವಿನ್ಯಾಸದಲ್ಲಿ ಘಟಕಗಳ ನಕಲು ಮತ್ತು ಸ್ಥಳಾಂತರ

ಗಣಕ ನೆರವಿನ ವಿನ್ಯಾಸದ ತಂತ್ರಾಂಶಗಳಲ್ಲಿ, ಅಂದರೆ ಕ್ಯಾಡ್ ತಂತ್ರಾಂಶಗಳಲ್ಲಿ, ಒಮ್ಮೆ ರಚಿಸಿದ ಆಕೃತಿಯನ್ನೋ ಬಿಡಿಭಾಗವನ್ನೋ ಬೇರೊಂದು ಸ್ಥಾನಕ್ಕೆ ಒಯ್ಯುವುದು ಸ್ಥಳಾಂತರ. ಮೂಲವನ್ನು ಇದ್ದಲ್ಲಿಯೇ ಉಳಿಸಿಕೊಂಡು ಅದರಂತೆಯೇ ಇರುವ ಇನ್ನೊಂದನ್ನು ಪಡೆಯುವುದು ನಕಲು. ಒಂದು ಬೋಲ್ಟನ್ನು ಒಮ್ಮೆ ಬಿಡಿಸಿ ನೂರು ಕಡೆ ಇರಿಸುವುದು, ಒಂದು ಕಿಟಕಿಯನ್ನು ಕಟ್ಟಡದ ಎಲ್ಲ ಅಂತಸ್ತುಗಳಲ್ಲಿ ಬಳಸುವುದು ಇವುಗಳಿಂದ ಸಾಧ್ಯವಾಗುತ್ತದೆ.

ನಕಲಿನಲ್ಲಿ ಎರಡು ಬಗೆಗಳಿವೆ. ಮೂಲದೊಡನೆ ಸಂಬಂಧ ಕಡಿದುಕೊಂಡದ್ದು ಸ್ವತಂತ್ರ ನಕಲು. ಮೂಲಕ್ಕೆ ಅಂಟಿಕೊಂಡೇ ಇದ್ದು, ಮೂಲ ಬದಲಾದಾಗ ತಾನೂ ಬದಲಾಗುವುದು ಸಂಬಂಧಿತ ನಕಲು. ಈ ಎರಡರ ನಡುವಣ ವ್ಯತ್ಯಾಸವನ್ನು ಅರಿಯದೆ ಮಾಡಿದ ನಕಲುಗಳು ತಯಾರಿಕೆಯ ಹಂತದಲ್ಲಿ ತಪ್ಪು ಅಳತೆಯ ಭಾಗಗಳಿಗೆ ಕಾರಣವಾಗುತ್ತವೆ.

ಇತಿಹಾಸ

ಗಣಕ ಬರುವ ಮುನ್ನ ನಕ್ಷೆಗಾರರು ಟಿ-ಸ್ಕ್ವೇರ್, ಸೆಟ್ ಸ್ಕ್ವೇರ್ ಮತ್ತು ಕೈವಾರಗಳಿಂದ ಪ್ರತಿಯೊಂದು ಆಕೃತಿಯನ್ನೂ ಕೈಯಿಂದಲೇ ಬಿಡಿಸುತ್ತಿದ್ದರು. ಇಡೀ ನಕ್ಷೆಯ ಪ್ರತಿ ಬೇಕಾದಾಗ ಟ್ರೇಸಿಂಗ್ ಕಾಗದದ ಮೂಲದಿಂದ ನೀಲಿನಕ್ಷೆ ತೆಗೆಯಬಹುದಿತ್ತು. ಆದರೆ ನಕ್ಷೆಯೊಳಗಿನ ಒಂದು ಭಾಗವನ್ನು ಎರಡು ಅಂಗುಲ ಬಲಕ್ಕೆ ಸರಿಸಬೇಕಾದರೆ ಅಳಿಸಿ ಮತ್ತೆ ಬರೆಯುವುದೊಂದೇ ದಾರಿಯಾಗಿತ್ತು.

1963ರಲ್ಲಿ ಇವಾನ್ ಸದರ್‌ಲ್ಯಾಂಡ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ನಿರೂಪಿಸಿದರು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬಿಡಿಸುವ ವ್ಯವಸ್ಥೆ ಅದು. ಅದರಲ್ಲಿ ಒಂದು ಮೂಲಚಿತ್ರವನ್ನು ರಚಿಸಿ ಅದರ ಹಲವು ಪ್ರತಿರೂಪಗಳನ್ನು ಬೇರೆ ಬೇರೆ ಸ್ಥಾನ, ಗಾತ್ರ ಮತ್ತು ಕೋನಗಳಲ್ಲಿ ಇರಿಸಬಹುದಿತ್ತು. ಮೂಲವನ್ನು ತಿದ್ದಿದೊಡನೆ ಪ್ರತಿರೂಪಗಳೆಲ್ಲವೂ ತಿದ್ದಲ್ಪಡುತ್ತಿದ್ದವು. ಇಂದಿನ ಸಂಬಂಧಿತ ನಕಲಿನ ಕಲ್ಪನೆಗೆ ಇದೇ ಮೊದಲ ರೂಪ. ಸದರ್‌ಲ್ಯಾಂಡ್ ಅವರಿಗೆ 1988ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು.

1982ರಲ್ಲಿ ಆಟೋಡೆಸ್ಕ್ ಸಂಸ್ಥೆ ಹೊರತಂದ ಆಟೋಕ್ಯಾಡ್ ಈ ಸೌಲಭ್ಯಗಳನ್ನು ವೈಯಕ್ತಿಕ ಗಣಕಗಳಿಗೆ ತಲುಪಿಸಿತು. 1980ರ ದಶಕದ ಕೊನೆಯಲ್ಲಿ ಬಂದ ಪ್ರೊ-ಎಂಜಿನಿಯರ್ ಮತ್ತು 1995ರಲ್ಲಿ ಬಂದ ಸಾಲಿಡ್‌ವರ್ಕ್ಸ್ ತಂತ್ರಾಂಶಗಳು ಮೂರು ಆಯಾಮದ ಬಿಡಿಭಾಗಗಳನ್ನು ಜೋಡಿಸುವ ವಿಧಾನವನ್ನು ಬಳಕೆಗೆ ತಂದವು.

ಗಣಿತದ ತಳಹದಿ

ಸ್ಥಳಾಂತರವೆಂದರೆ ಆಕೃತಿಯ ಪ್ರತಿಯೊಂದು ಬಿಂದುವಿನ ನಿರ್ದೇಶಾಂಕಗಳಿಗೂ ಒಂದೇ ಸದಿಶವನ್ನು ಕೂಡಿಸುವುದು. ಒಂದು ಬಿಂದು (20, 30) ಎಂಬಲ್ಲಿದ್ದು, ಆಕೃತಿಯನ್ನು (100, 0) ಸದಿಶದಷ್ಟು ಸರಿಸಿದರೆ ಆ ಬಿಂದು (120, 30) ಎಂಬಲ್ಲಿಗೆ ಬರುತ್ತದೆ. ಆಕೃತಿಯ ಗಾತ್ರವಾಗಲಿ ಕೋನಗಳಾಗಲಿ ಬದಲಾಗುವುದಿಲ್ಲ. ಮೂರು ಆಯಾಮಗಳಲ್ಲಿ ಸ್ಥಳಾಂತರ ಮತ್ತು ತಿರುಗಿಸುವಿಕೆಗಳೆರಡನ್ನೂ 4 ಅಡ್ಡಸಾಲು, 4 ಕಂಬಸಾಲುಗಳ ಒಂದೇ ಮಾತೃಕೆಯಲ್ಲಿ ಬರೆಯಬಹುದು.

ಸಂಬಂಧಿತ ನಕಲು ಸಂಗ್ರಹವಾಗುವುದೂ ಹೀಗೆಯೇ. ತಂತ್ರಾಂಶವು ಆಕೃತಿಯ ವಿವರಗಳನ್ನು ಒಮ್ಮೆ ಮಾತ್ರ ಉಳಿಸಿಕೊಂಡು, ಪ್ರತಿಯೊಂದು ನಕಲಿಗೂ ಮೂಲದ ಹೆಸರು ಮತ್ತು ಒಂದು ಮಾತೃಕೆಯನ್ನಷ್ಟೇ ದಾಖಲಿಸುತ್ತದೆ. ಸಾವಿರ ಬೋಲ್ಟುಗಳಿರುವ ಜೋಡಣೆಯ ಕಡತ ಸಾವಿರ ಪಟ್ಟು ದೊಡ್ಡದಾಗದಿರಲು ಇದು ಕಾರಣ.

ಎರಡು ಆಯಾಮದ ನಕ್ಷೆಗಳಲ್ಲಿ

ಆಟೋಕ್ಯಾಡ್‌ನಲ್ಲಿ ಸ್ಥಳಾಂತರಕ್ಕೆ ಮೂವ್, ನಕಲಿಗೆ ಕಾಪಿ ಎಂಬ ಆದೇಶಗಳಿವೆ. ಎರಡರ ಕ್ರಮವೂ ಒಂದೇ: ಮೊದಲು ವಸ್ತುಗಳನ್ನು ಆರಿಸಿ, ಬಳಿಕ ಆಧಾರ ಬಿಂದುವನ್ನು ಸೂಚಿಸಿ, ಕೊನೆಗೆ ಅದು ಹೋಗಿ ಸೇರಬೇಕಾದ ಎರಡನೆಯ ಬಿಂದುವನ್ನು ಕೊಡಬೇಕು. ಆಧಾರ ಬಿಂದುವನ್ನು ರಂಧ್ರದ ಕೇಂದ್ರ, ಗೋಡೆಯ ಮೂಲೆ ಮೊದಲಾದ ಖಚಿತ ಸ್ಥಾನದಲ್ಲಿ ಹಿಡಿದರೆ ವಸ್ತು ಕರಾರುವಾಕ್ಕಾಗಿ ಕೂರುತ್ತದೆ. ಕಣ್ಣಳತೆಯಲ್ಲಿ ಇರಿಸಿದ ವಸ್ತು ಪರದೆಯ ಮೇಲೆ ಸರಿಯಾಗಿ ಕಂಡರೂ ಮಿಲಿಮೀಟರಿನ ಭಾಗದಷ್ಟು ಆಚೀಚೆ ಇರಬಹುದು.

ಎರಡನೆಯ ಬಿಂದು ಕೇಳಿದಾಗ ಏನನ್ನೂ ಕೊಡದೆ ಎಂಟರ್ ಕೀಲಿಯನ್ನು ಒತ್ತಿದರೆ ತಂತ್ರಾಂಶವು ಮೊದಲ ಬಿಂದುವಿನ ನಿರ್ದೇಶಾಂಕಗಳನ್ನೇ ಸ್ಥಳಾಂತರದ ಅಳತೆಯೆಂದು ತಿಳಿಯುತ್ತದೆ. ಆಗ ವಸ್ತು ಬಹುದೂರ ಜಿಗಿದು ಪರದೆಯಿಂದ ಮರೆಯಾಗುತ್ತದೆ. ಹೊಸಬರು ಅದು ಅಳಿಸಿಹೋಯಿತೆಂದು ಭಾವಿಸುವುದುಂಟು. ಕೂಡಲೇ ಕ್ರಿಯೆಯನ್ನು ರದ್ದುಗೊಳಿಸುವುದೇ ಇದಕ್ಕೆ ಪರಿಹಾರ.

ಕ್ರಮಬದ್ಧವಾದ ಹಲವು ನಕಲುಗಳಿಗೆ ಅರೇ ಎಂಬ ಆದೇಶವಿದೆ. ಅದು ನಕಲುಗಳನ್ನು ಸಾಲು-ಕಂಬಗಳಲ್ಲಿ ಅಥವಾ ವೃತ್ತದ ಸುತ್ತ ಹರಡುತ್ತದೆ. ಕೊಳವೆಯ ಫ್ಲ್ಯಾಂಜಿನಲ್ಲಿ 6 ರಂಧ್ರಗಳು ಬೇಕಾದರೆ ಒಂದನ್ನು ಬಿಡಿಸಿ, ಕೇಂದ್ರವನ್ನು ಸೂಚಿಸಿ, ಸಂಖ್ಯೆಯನ್ನು ಕೊಟ್ಟರೆ 60 ಡಿಗ್ರಿಗೊಂದರಂತೆ ಉಳಿದವು ಮೂಡುತ್ತವೆ.

ಒಂದು ನಕ್ಷೆಯಿಂದ ಇನ್ನೊಂದಕ್ಕೆ ಒಯ್ಯಲು ಗಣಕದ ಕ್ಲಿಪ್‌ಬೋರ್ಡ್ ಬಳಕೆಯಾಗುತ್ತದೆ. ಕಂಟ್ರೋಲ್ ಮತ್ತು ಸಿ ಕೀಲಿಗಳಿಂದ ಸಾಧಾರಣ ನಕಲು ದೊರೆತರೆ, ಅವುಗಳೊಡನೆ ಶಿಫ್ಟ್ ಕೀಲಿಯನ್ನೂ ಒತ್ತಿದಾಗ ಆಧಾರ ಬಿಂದುವನ್ನು ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ.

ಹಲವು ರೇಖೆಗಳನ್ನು ಒಟ್ಟುಗೂಡಿಸಿ ಹೆಸರಿಟ್ಟ ಗುಂಪಿಗೆ ಬ್ಲಾಕ್ ಎನ್ನುತ್ತಾರೆ. ಬಾಗಿಲಿನ ಬ್ಲಾಕಿನ ಮೂಲವನ್ನು ತಿದ್ದಿದರೆ ನಕ್ಷೆಯ ಎಲ್ಲ ಬಾಗಿಲುಗಳೂ ಬದಲಾಗುತ್ತವೆ. ಎಕ್ಸ್‌ಪ್ಲೋಡ್ ಆದೇಶದಿಂದ ಒಡೆದ ಬ್ಲಾಕ್ ಬಿಡಿ ರೇಖೆಗಳಾಗಿ ಈ ಸಂಬಂಧವನ್ನು ಕಳೆದುಕೊಳ್ಳುತ್ತದೆ. ಬೇರೆ ನಕ್ಷೆಯಿಂದ ತಂದ ಬ್ಲಾಕಿನ ಹೆಸರಿನಲ್ಲಿಯೇ ಗುರಿ ನಕ್ಷೆಯಲ್ಲಿಯೂ ಒಂದು ಬ್ಲಾಕ್ ಇದ್ದರೆ, ಅಲ್ಲಿ ಮೊದಲಿದ್ದ ರೂಪವೇ ಉಳಿಯುತ್ತದೆ. ಹೀಗಾಗಿ 900 ಮಿಲಿಮೀಟರ್ ಬಾಗಿಲನ್ನು ಅಂಟಿಸಿದವರಿಗೆ ಅದೇ ಹೆಸರಿನ 750 ಮಿಲಿಮೀಟರ್ ಬಾಗಿಲು ದೊರೆಯಬಹುದು. ಬ್ಲಾಕಿನ ಹೆಸರಿನಲ್ಲಿಯೇ ಅಳತೆಯನ್ನು ಸೇರಿಸುವುದರಿಂದ ಈ ಗೊಂದಲ ತಪ್ಪುತ್ತದೆ.

ಮೂರು ಆಯಾಮದ ಜೋಡಣೆಗಳಲ್ಲಿ

ಅವಕಾಶದಲ್ಲಿ ಮುಕ್ತವಾಗಿರುವ ಬಿಡಿಭಾಗಕ್ಕೆ ಆರು ಬಗೆಯ ಚಲನೆಗಳು ಸಾಧ್ಯ: ಮೂರು ಅಕ್ಷಗಳ ಗುಂಟ ಸರಿಯುವುದು ಮತ್ತು ಆ ಮೂರು ಅಕ್ಷಗಳ ಸುತ್ತ ತಿರುಗುವುದು. ಜೋಡಣೆಯಲ್ಲಿ ಭಾಗಗಳ ನಡುವೆ ನಿರ್ಬಂಧಗಳನ್ನು ವಿಧಿಸಿದಂತೆ ಈ ಚಲನೆಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಎಳೆದರೂ ಒಂದು ಭಾಗ ಕದಲದಿದ್ದರೆ ಅದಕ್ಕೆ ಸಾಮಾನ್ಯವಾಗಿ ಇಂತಹ ನಿರ್ಬಂಧವೇ ಕಾರಣ. ಸಾಲಿಡ್‌ವರ್ಕ್ಸ್‌ನಲ್ಲಿ ಜೋಡಣೆಗೆ ಮೊದಲು ಸೇರಿಸಿದ ಭಾಗವು ತಾನಾಗಿಯೇ ಸ್ಥಿರವಾಗಿರುತ್ತದೆ. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಭಾಗವನ್ನು ಎಳೆದರೆ ಅದರ ಮತ್ತೊಂದು ಪ್ರತಿರೂಪ ಮೂಡುತ್ತದೆ. ನಿರ್ಬಂಧಗಳ ಸಮೇತ ನಕಲಿಸುವ ಆದೇಶವೂ ಉಂಟು.

ಸ್ವತಂತ್ರ ಮತ್ತು ಸಂಬಂಧಿತ ನಕಲುಗಳ ಭೇದ ಇಲ್ಲಿ ಇನ್ನಷ್ಟು ಮಹತ್ವದ್ದು. ಆಟೋಡೆಸ್ಕ್ ಫ್ಯೂಷನ್‌ನಲ್ಲಿ ನಕಲಿಸಿದ ಘಟಕವನ್ನು ಪೇಸ್ಟ್ ಆದೇಶದಿಂದ ಅಂಟಿಸಿದರೆ ಸಂಬಂಧಿತ ನಕಲೂ, ಪೇಸ್ಟ್ ನ್ಯೂ ಆದೇಶದಿಂದ ಅಂಟಿಸಿದರೆ ಸ್ವತಂತ್ರ ನಕಲೂ ದೊರೆಯುತ್ತವೆ. ಸ್ಕೆಚ್‌ಅಪ್‌ನಲ್ಲಿ ಕಾಂಪೊನೆಂಟ್ ಆಗಿ ಉಳಿಸಿದ ವಸ್ತುವಿನ ನಕಲುಗಳು ಒಟ್ಟಿಗೆ ಬದಲಾಗುತ್ತವೆ. ಮೇಕ್ ಯುನೀಕ್ ಎಂಬ ಆಯ್ಕೆಯಿಂದ ಒಂದನ್ನು ಮಾತ್ರ ಬೇರ್ಪಡಿಸಬಹುದು. ಮುಕ್ತ ತಂತ್ರಾಂಶವಾದ ಫ್ರೀಕ್ಯಾಡ್‌ನಲ್ಲಿ ಲಿಂಕ್ ಎಂಬ ಸೌಲಭ್ಯವು ಸಂಬಂಧಿತ ನಕಲಿನ ಕೆಲಸವನ್ನು ಮಾಡುತ್ತದೆ.

ನಾಲ್ಕು ಕಾಲುಗಳಿರುವ ಮೇಜನ್ನು ಉದಾಹರಣೆಯಾಗಿ ನೋಡಬಹುದು. ಕಾಲುಗಳು ಸಂಬಂಧಿತ ನಕಲುಗಳಾಗಿದ್ದರೆ ಒಂದರ ಎತ್ತರವನ್ನು ಹೆಚ್ಚಿಸಿದಾಗ ನಾಲ್ಕೂ ಎತ್ತರವಾಗುತ್ತವೆ. ಸ್ವತಂತ್ರವಾಗಿದ್ದರೆ ಮೇಜು ಕುಂಟುತ್ತದೆ. ಇದಕ್ಕೆ ಪ್ರತಿಯಾಗಿ, ಒಂದು ಕಾಲಿಗೆ ಮಾತ್ರ ತಂತಿ ಹಾಯಿಸುವ ರಂಧ್ರ ಬೇಕಾದಲ್ಲಿ ಅದನ್ನು ಮೊದಲು ಸ್ವತಂತ್ರಗೊಳಿಸದಿದ್ದರೆ ನಾಲ್ಕು ಕಾಲುಗಳಿಗೂ ರಂಧ್ರ ಬೀಳುತ್ತದೆ.

ಅನೇಕ ತಂತ್ರಾಂಶಗಳಲ್ಲಿ ಜೋಡಣೆಯ ಕಡತವು ಬಿಡಿಭಾಗಗಳ ಕಡತಗಳನ್ನು ತನ್ನೊಳಗೆ ಇಟ್ಟುಕೊಳ್ಳದೆ ಅವುಗಳ ವಿಳಾಸವನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಜೋಡಣೆಯ ಕಡತವೊಂದನ್ನೇ ಮಿಂಚಂಚೆಯಲ್ಲಿ ಕಳುಹಿಸಿದರೆ ಅದನ್ನು ತೆರೆದವರಿಗೆ ಭಾಗಗಳು ಕಾಣದಿರುವುದು ಈ ಕಾರಣದಿಂದ. ಸಾಲಿಡ್‌ವರ್ಕ್ಸ್‌ನ ಪ್ಯಾಕ್ ಆ್ಯಂಡ್ ಗೋ ಸೌಲಭ್ಯವು ಸಂಬಂಧಪಟ್ಟ ಕಡತಗಳೆಲ್ಲವನ್ನೂ ಒಟ್ಟಾಗಿ ನಕಲಿಸುತ್ತದೆ.

ಪ್ರತಿಬಿಂಬ ನಕಲು

ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾದ ನಕಲನ್ನು ಮಿರರ್ ಆದೇಶ ಒದಗಿಸುತ್ತದೆ. ಸಮಮಿತಿಯುಳ್ಳ ಭಾಗಗಳಲ್ಲಿ ಇದರಿಂದ ಅರ್ಧ ಕೆಲಸ ಉಳಿಯುತ್ತದೆ. ಆದರೆ ಎಡಗೈಯ ಕೈಗವಸು ಬಲಗೈಗೆ ಹೊಂದದಂತೆ, ಸಮಮಿತಿಯಿಲ್ಲದ ಭಾಗದ ಪ್ರತಿಬಿಂಬವು ಎಷ್ಟು ತಿರುಗಿಸಿದರೂ ಮೂಲಕ್ಕೆ ಹೊಂದುವುದಿಲ್ಲ. ತಯಾರಿಕೆಯಲ್ಲಿ ಅದು ಬೇರೆಯೇ ಭಾಗ; ಅದಕ್ಕೆ ಪ್ರತ್ಯೇಕ ಸಂಖ್ಯೆ ಬೇಕು. ಬಲಸುತ್ತಿನ ಬೋಲ್ಟಿನ ಪ್ರತಿಬಿಂಬವು ಎಡಸುತ್ತಿನದಾಗುವುದರಿಂದ ಬೋಲ್ಟುಗಳನ್ನು ಪ್ರತಿಬಿಂಬಿಸದೆ ನಕಲಿಸುವುದು ಸರಿಯಾದ ಕ್ರಮ.

ವಿದ್ಯುನ್ಮಾನ ಮಂಡಲಗಳಲ್ಲಿ

ಮಂಡಲ ವಿನ್ಯಾಸದ ತಂತ್ರಾಂಶಗಳಲ್ಲಿ ಘಟಕದ ಸ್ಥಾನದಷ್ಟೇ ಅದರ ಸಂಪರ್ಕಗಳೂ ಮುಖ್ಯ. ಮುಕ್ತ ತಂತ್ರಾಂಶವಾದ ಕಿಕ್ಯಾಡ್‌ನ ಮಂಡಲ ನಕ್ಷೆಯಲ್ಲಿ ಮೂವ್ ಆದೇಶವು ಘಟಕವನ್ನು ತಂತಿಗಳಿಂದ ಬಿಡಿಸಿ ಒಯ್ಯುತ್ತದೆ. ಡ್ರ್ಯಾಗ್ ಆದೇಶವು ತಂತಿಗಳನ್ನೂ ಜೊತೆಗೆಳೆಯುತ್ತದೆ. ಇಲ್ಲಿ ಪ್ರತಿಯೊಂದು ರೋಧಕಕ್ಕೂ ತನ್ನದೇ ಆದ ಗುರುತು ಸಂಖ್ಯೆ ಇರಬೇಕು. ನಕಲಿಸಿದ ಮೇಲೆ ಎರಡು ರೋಧಕಗಳಿಗೆ ಒಂದೇ ಸಂಖ್ಯೆ ಉಳಿಯದಂತೆ ಮರುಸಂಖ್ಯೆ ನೀಡುವುದು ಅಗತ್ಯ.

ಸಾಮಾನ್ಯ ದೋಷಗಳು

ಮೂಲದ ಮೇಲೆಯೇ ಕುಳಿತ ನಕಲು ಕಣ್ಣಿಗೆ ಕಾಣುವುದಿಲ್ಲ. ಆದರೆ ಬಿಡಿಭಾಗಗಳ ಪಟ್ಟಿಯಲ್ಲಿ ಅದು ಎರಡಾಗಿ ಎಣಿಕೆಯಾಗುತ್ತದೆ. ಲೇಸರ್ ಕತ್ತರಿಸುವ ಯಂತ್ರವು ಒಂದೇ ಗೆರೆಯನ್ನು ಎರಡು ಸಲ ಕತ್ತರಿಸಿ ಅಂಚನ್ನು ಸುಡಬಹುದು. ಇಂತಹ ಹೆಚ್ಚುವರಿ ರೇಖೆಗಳನ್ನು ತೆಗೆಯಲು ಆಟೋಕ್ಯಾಡ್‌ನಲ್ಲಿ ಓವರ್‌ಕಿಲ್ ಎಂಬ ಆದೇಶವಿದೆ.

ಒಂದು ತಂತ್ರಾಂಶದಿಂದ ಅಥವಾ ಆವೃತ್ತಿಯಿಂದ ಇನ್ನೊಂದಕ್ಕೆ ಒಯ್ಯುವಾಗ ಆಕೃತಿ ಉಳಿದರೂ ಅದರ ರಚನೆಯ ಕ್ರಮ ಮತ್ತು ನಿರ್ಬಂಧಗಳು ನಷ್ಟವಾಗಬಹುದು. ಸ್ಟೆಪ್ ಎಂಬ ಅಂತರರಾಷ್ಟ್ರೀಯ ಮಾನಕ ರೂಪದ ಕಡತಗಳಿಗೂ ಸಾಮಾನ್ಯವಾಗಿ ಈ ಮಿತಿ ಇದೆ. ಇಂತಹ ವ್ಯತ್ಯಾಸದ ಪರಿಣಾಮ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಏರ್‌ಬಸ್ ಎ380 ವಿಮಾನ ನಿದರ್ಶನ. ಜರ್ಮನಿ ಮತ್ತು ಸ್ಪೇನಿನ ವಿನ್ಯಾಸಕಾರರು ಕ್ಯಾಟಿಯಾ ತಂತ್ರಾಂಶದ 4ನೆಯ ಆವೃತ್ತಿಯನ್ನೂ, ಫ್ರಾನ್ಸ್ ಮತ್ತು ಬ್ರಿಟನ್ನಿನವರು 5ನೆಯ ಆವೃತ್ತಿಯನ್ನೂ ಬಳಸಿದ್ದರು. ವಿನ್ಯಾಸದ ಬದಲಾವಣೆಗಳು ಎರಡರ ನಡುವೆ ಸರಿಯಾಗಿ ಹರಿಯದೆ, ತಯಾರಾದ ವಿದ್ಯುತ್ ತಂತಿಯ ಕಟ್ಟುಗಳು ವಿಮಾನದ ಒಡಲಿಗೆ ಹೊಂದಲಿಲ್ಲ. 2006ರಲ್ಲಿ ಘೋಷಿಸಲಾದ ಹಸ್ತಾಂತರದ ವಿಳಂಬಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು.

ಇವನ್ನೂ ನೋಡಿ

ಗಣಕ ನೆರವಿನ ವಿನ್ಯಾಸ
ಇವಾನ್ ಸದರ್‌ಲ್ಯಾಂಡ್
ಆಟೋಕ್ಯಾಡ್
ಫ್ರೀಕ್ಯಾಡ್
ಮಾತೃಕೆ