ತನ್ನ ಪಾತ್ರಕ್ಕೆ ತನ್ನದೇ ದನಿ: ಅನಿಮೇಶನ್ ಚಿತ್ರಗಳಲ್ಲಿ ಕುಸ್ತಿಪಟುಗಳು

ವೃತ್ತಿಪರ ಕುಸ್ತಿಪಟುವೊಬ್ಬ ಅನಿಮೇಶನ್ ಚಿತ್ರದಲ್ಲಿ ತನ್ನದೇ ಪಾತ್ರಕ್ಕೆ ಕಂಠದಾನ ಮಾಡುವ ಪದ್ಧತಿಯು 2014ರಿಂದ 2017ರ ಅವಧಿಯಲ್ಲಿ ಅಮೆರಿಕದಲ್ಲಿ ವಿಶೇಷವಾಗಿ ಬೆಳೆಯಿತು. ಡಬ್ಲ್ಯುಡಬ್ಲ್ಯುಇ ಸಂಸ್ಥೆಯು ವಾರ್ನರ್ ಬ್ರದರ್ಸ್ ಜೊತೆಗೂಡಿ, ಹನ್ನಾ-ಬಾರ್ಬೆರಾ ಸಂಸ್ಥೆಯ ಹಳೆಯ ದೂರದರ್ಶನ ಕಾರ್ಟೂನುಗಳನ್ನು ಕುಸ್ತಿಯ ಕಥೆಗಳಿಗೆ ಅಳವಡಿಸಿ ಈ ಚಿತ್ರಗಳನ್ನು ನಿರ್ಮಿಸಿತು.

ಗರಡಿಮನೆಯ ಮಟ್ಟಿ ಕುಸ್ತಿಗೂ ಈ ಕುಸ್ತಿಗೂ ವ್ಯತ್ಯಾಸವಿದೆ. ಇಲ್ಲಿ ಸೋಲು-ಗೆಲುವು ಮೊದಲೇ ನಿಶ್ಚಿತವಾಗಿರುತ್ತದೆ. ಪಟುವು ಒಂದು ಪಾತ್ರವನ್ನು ಧರಿಸಿರುತ್ತಾನೆ. ಮೈಕ್ ಹಿಡಿದು ಎದುರಾಳಿಗೆ ಸವಾಲೆಸೆಯುವುದೂ ಪಟ್ಟು ಹಾಕುವಷ್ಟೇ ಮುಖ್ಯವಾದ ವಿದ್ಯೆ. ಆದ್ದರಿಂದ ಪ್ರೇಕ್ಷಕರು ಇವರನ್ನು ಮೈಕಟ್ಟಿನಿಂದ ಮಾತ್ರವಲ್ಲ, ದನಿಯಿಂದಲೂ ಗುರುತಿಸುತ್ತಾರೆ.

ಬೇರೆಯವರ ದನಿಯ ಕಾಲ

ಆರಂಭದಲ್ಲಿ ಹೀಗಿರಲಿಲ್ಲ. 1985ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ವಾಹಿನಿಯಲ್ಲಿ ಆರಂಭಗೊಂಡ 'ಹಲ್ಕ್ ಹೋಗನ್ಸ್ ರಾಕ್ ಎನ್ ರೆಸ್ಲಿಂಗ್' ಕಾರ್ಟೂನ್ ಸರಣಿಯಲ್ಲಿ ಹೋಗನ್ ಪಾತ್ರಕ್ಕೆ ದನಿ ನೀಡಿದವರು ನಟ ಬ್ರಾಡ್ ಗ್ಯಾರೆಟ್. ರಾಡಿ ಪೈಪರ್ ಪಾತ್ರಕ್ಕೆ ಚಾರ್ಲಿ ಆಡ್ಲರ್ ಮಾತನಾಡಿದರು. ನಡುನಡುವೆ ಬರುತ್ತಿದ್ದ ನೈಜ ಚಿತ್ರೀಕರಣದ ತುಣುಕುಗಳಲ್ಲಿ ಮಾತ್ರ ಕುಸ್ತಿಪಟುಗಳು ಸ್ವತಃ ಕಾಣಿಸಿಕೊಳ್ಳುತ್ತಿದ್ದರು. ಹೀಗಾಗಿ ಒಂದೇ ಕಾರ್ಯಕ್ರಮದಲ್ಲಿ ಒಬ್ಬ ಹೋಗನ್‌ಗೆ ಎರಡು ದನಿಗಳು ಕೇಳಿಬರುತ್ತಿದ್ದವು.

ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದು ಹೊಸತೆನಿಸದು. ಅಲ್ಲಿ ಪರದೆಯ ಮೇಲಿನ ಬೊಂಬೆಗೆ ಮಾತು ಬರುವುದು ಹಿಂದೆ ಕುಳಿತ ಕಲಾವಿದನಿಂದ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದ ಕಥೆಗಳಲ್ಲದೆ ಮಹಾತ್ಮ ಗಾಂಧಿಯವರ ಜೀವನವನ್ನೂ ತೊಗಲುಗೊಂಬೆಗಳಲ್ಲಿ ತೋರಿಸಿದರು. ಆ ಕಲೆಯಲ್ಲಿ ವ್ಯಕ್ತಿಯ ಅಸಲಿ ದನಿಯನ್ನು ಯಾರೂ ನಿರೀಕ್ಷಿಸುವುದಿಲ್ಲ.

ಪ್ರಮುಖ ಚಿತ್ರಗಳು

2014ರ ಮಾರ್ಚ್‌ನಲ್ಲಿ ಬಿಡುಗಡೆಯಾದ 'ಸ್ಕೂಬಿ-ಡೂ! ರೆಸಲ್‌ಮೇನಿಯಾ ಮಿಸ್ಟರಿ' ಈ ಸಾಲಿನ ಮೊದಲ ಚಿತ್ರ. ನಿರ್ದೇಶಕ ಬ್ರಾಂಡನ್ ವಿಯೆಟ್ಟಿ. ಚಾಂಪಿಯನ್ ಪಟ್ಟಿಯನ್ನು ಕದ್ದ ಆರೋಪವು ಸ್ಕೂಬಿ ನಾಯಿಯ ಮೇಲೆ ಬರುತ್ತದೆ; ಕಳಂಕ ತೊಳೆದುಕೊಳ್ಳಲು ಗೆಳೆಯರ ತಂಡ ನಿಜವಾದ ಅಪರಾಧಿಯನ್ನು ಹುಡುಕುತ್ತದೆ. ಜಾನ್ ಸೀನಾ, ಕೇನ್, ದ ಮಿಜ್, ಟ್ರಿಪಲ್ ಎಚ್, ಎ.ಜೆ. ಲೀ ಮತ್ತು ಸಂಸ್ಥೆಯ ಅಂದಿನ ಮುಖ್ಯಸ್ಥ ವಿನ್ಸ್ ಮೆಕ್‌ಮಹೊನ್ ತಮ್ಮ ಪಾತ್ರಗಳಿಗೆ ತಾವೇ ದನಿ ನೀಡಿದರು.

2015ರಲ್ಲಿ ಬಂದ ಫ್ಲಿಂಟ್‌ಸ್ಟೋನ್ಸ್ ಚಿತ್ರದಲ್ಲಿ ಶಿಲಾಯುಗಕ್ಕೆ ಹೊಂದುವಂತೆ ಹೆಸರುಗಳನ್ನೂ ಬದಲಿಸಲಾಯಿತು. ಸೀನಾ 'ಸೀನಾಸ್ಟೋನ್' ಆದರು. ಮೆಕ್‌ಮಹೊನ್ 'ಮೆಕ್‌ಮ್ಯಾಗ್ಮಾ' ಆದರು. 2016ರಲ್ಲಿ ಎರಡನೆಯ ಸ್ಕೂಬಿ-ಡೂ ಚಿತ್ರ, 2017ರಲ್ಲಿ ಜೆಟ್ಸನ್ಸ್ ಚಿತ್ರ ತೆರೆಕಂಡವು. 2017ರಲ್ಲೇ ಸೋನಿಯ 'ಸರ್ಫ್ಸ್ ಅಪ್ 2' ಚಿತ್ರದಲ್ಲಿ ಇದೇ ಪಟುಗಳು ಪ್ರಾಣಿಗಳ ರೂಪದಲ್ಲಿ ಮಾತನಾಡಿದರು.

ಹೆಸರು ಯಾರದು, ದನಿ ಯಾರದು?

ಅನಿಮೇಶನ್‌ನಲ್ಲಿ ಸಾಮಾನ್ಯವಾಗಿ ಮಾತುಗಳನ್ನು ಮೊದಲು ಧ್ವನಿಮುದ್ರಿಸಿ, ಅದಕ್ಕೆ ತಕ್ಕಂತೆ ತುಟಿಯ ಚಲನೆಯನ್ನು ಚಿತ್ರಿಸಲಾಗುತ್ತದೆ. ಮುದ್ರಣಕ್ಕೂ ಬಿಡುಗಡೆಗೂ ನಡುವೆ ದೀರ್ಘ ಕಾಲ ಉರುಳುವುದರಿಂದ ವ್ಯಕ್ತಿ ದೂರವಾದ ಮೇಲೂ ದನಿ ಉಳಿಯುತ್ತದೆ. ಸಿ.ಎಂ. ಪಂಕ್ 2014ರ ಜನವರಿಯಲ್ಲೇ ಸಂಸ್ಥೆಯನ್ನು ತೊರೆದಿದ್ದರೂ 2015ರ ಚಿತ್ರದಲ್ಲಿ ಅವರ ದನಿ ಇದೆ. ಡಸ್ಟಿ ರೋಡ್ಸ್ 2015ರ ಜೂನ್‌ನಲ್ಲಿ ನಿಧನರಾದರು. ಅವರ ದನಿಯುಳ್ಳ ಸ್ಕೂಬಿ-ಡೂ ಚಿತ್ರ ಮರುವರ್ಷ ಹೊರಬಂದಿತು.

ಇಲ್ಲಿ 'ತಾನು' ಎಂಬ ಮಾತಿನ ಅರ್ಥವೂ ಸರಳವಲ್ಲ. ಅಂಡರ್‌ಟೇಕರ್‌ನ ನಿಜನಾಮ ಮಾರ್ಕ್ ಕ್ಯಾಲವೇ. ಕೇನ್‌ನ ನಿಜನಾಮ ಗ್ಲೆನ್ ಜೇಕಬ್ಸ್. ಅಖಾಡದ ಇಂತಹ ಹೆಸರುಗಳ ಹಕ್ಕು ಬಹುತೇಕ ಸಂಸ್ಥೆಯದೇ ಆಗಿರುತ್ತದೆ. ಜೆಟ್ಸನ್ಸ್ ಚಿತ್ರದಲ್ಲಿ ಹಿಮದಲ್ಲಿ ಹೆಪ್ಪುಗಟ್ಟಿ ಭವಿಷ್ಯದಲ್ಲಿ ಎಚ್ಚರಗೊಳ್ಳುವ ಬಿಗ್ ಶೋ ಇದಕ್ಕೆ ಸ್ಪಷ್ಟ ನಿದರ್ಶನ. ಅವರು 2021ರಲ್ಲಿ ಎದುರಾಳಿ ಸಂಸ್ಥೆಯಾದ ಎಇಡಬ್ಲ್ಯುಗೆ ಸೇರಿದಾಗ ತಮ್ಮ ಮೂಲ ಹೆಸರಾದ ಪಾಲ್ ವೈಟ್ ಎಂದೇ ಕಣಕ್ಕಿಳಿಯಬೇಕಾಯಿತು. ದನಿ ಅವರೊಡನೆ ಹೋಯಿತು, ಹೆಸರು ಹಿಂದೆ ಉಳಿಯಿತು.

ಇಂತಹ ಚಿತ್ರವನ್ನು ಬೇರೊಂದು ಭಾಷೆಗೆ ಡಬ್ ಮಾಡಿದಾಗ ಆ ದನಿಯೂ ಇಲ್ಲವಾಗಿ, 1985ರ ಕಾರ್ಟೂನಿನ ಸ್ಥಿತಿಯೇ ಮರಳುತ್ತದೆ. ಪರದೆಯ ಮೇಲೆ ಪರಿಚಿತ ಮೈಕಟ್ಟು ಉಳಿಯುತ್ತದೆ. ಮಾತು ಮಾತ್ರ ಮತ್ತೊಬ್ಬರದು.