ಗುಡುಗಿದ ಗುಮ್ಮಟೆ, ಕರಗಿದ ಕೊರಳು: ಬಳ್ಳಾರಿ ಸೀಮೆಯ ಬುರ್ರಕಥೆ

ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಹೊತ್ತಿಗೆ ಬುರ್ರಕಥೆ ಹಾಡುವ ಬುಡ್ಗಜಂಗಮರು ಬರುತ್ತಿದ್ದರು. ಕುರುಗೋಡಿನ ಎರೆಹೊಲದ ಹಳ್ಳಿಗಳಿರಲಿ, ತುಂಗಭದ್ರೆಯ ದಂಡೆಯ ಸಿರುಗುಪ್ಪದ ಕಡೆಯಿರಲಿ, ಊರ ಗುಡಿಯ ಮುಂದೆ ಅವರು ತಂಬೂರಿ ಶ್ರುತಿ ಮಾಡಿಕೊಂಡರೆಂದರೆ ಅಂದಿನ ರಾತ್ರಿ ಕಥೆಗೇ ಮೀಸಲು. ನಡುವೆ ಮುಖ್ಯ ಗಾಯಕಿ ಅಥವಾ ಗಾಯಕ, ಹೆಗಲಿಗೆ ತಂಬೂರಿ, ಹೆಬ್ಬೆರಳಿಗೆ ಲೋಹದ ಉಂಗುರ. ಎಡಬಲದಲ್ಲಿ ಗುಮ್ಮಟೆ ಬಾರಿಸುತ್ತ ಸೊಲ್ಲು ಎತ್ತಿಕೊಡುವವರು.

ಅವರು ಹಾಡುತ್ತಿದ್ದ ಕಥೆಗಳಲ್ಲಿ ಈ ನೆಲದ್ದೇ ಆದದ್ದು ಕುಮಾರರಾಮನದು. ಕುರುಗೋಡಿಗೆ ದೂರವಲ್ಲದ ಕಂಪ್ಲಿಯ (ಕಂಪಿಲಿಯ) ಅರಸುಮನೆಯ ಕುವರ ಆತ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಸೇನೆ ಕಂಪಿಲಿ ರಾಜ್ಯವನ್ನು ಮುಗಿಸಿತು. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಇದೇ ವಸ್ತುವನ್ನು ‘ರಾಮನಾಥ ಚರಿತೆ’ಯಾಗಿ ಬರೆದ. ಓದು ಬಾರದ ಗಾಯಕರು ಅದನ್ನು ತಮ್ಮದೇ ದಾರಿಯಲ್ಲಿ ಕೊರಳಿನಿಂದ ಕೊರಳಿಗೆ ದಾಟಿಸಿದರು.

ದಂಡು ಎದ್ದಾಗ, ಕುದುರೆ ಕುಣಿದಾಗ ಗುಮ್ಮಟೆಯ ಏಟು ಬಿರುಸಾಗುತ್ತದೆ, ಉಂಗುರದ ಕಿಣಿಕಿಣಿ ಜೋರಾಗುತ್ತದೆ, ಮಾತು ಹಾಡನ್ನು ಅಟ್ಟಿಸಿಕೊಂಡು ಓಡುತ್ತದೆ. ಕುಮಾರರಾಮನ ಮೇಲೆ ಮಲತಾಯಿ ರತ್ನಾಜಿಗಿದ್ದ ಮೋಹದ ಪ್ರಸಂಗದಲ್ಲಿ ದನಿ ಬೇರೆ. ತಾಯಿಯ ಗೋಳಿನಲ್ಲಿ ವಾದ್ಯ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ತಂಬೂರಿಯ ಎಳೆಯೊಂದು ಉಳಿಯುತ್ತದೆ. ಅಬ್ಬರದ ಪಕ್ಕದಲ್ಲೇ ಮೆಲುದನಿ ಇಡುವುದು ಬೇರೆಡೆಯೂ ಉಂಟು: ಜರ್ಮನಿಯ ಸ್ಕಾರ್ಪಿಯನ್ಸ್ ರಾಕ್ ತಂಡ 1990ರ ‘ಕ್ರೇಜಿ ವರ್ಲ್ಡ್’ ಆಲ್ಬಮ್ಮಿನಲ್ಲಿ ಅಬ್ಬರದ ಗಿಟಾರಿನ ಹಾಡುಗಳ ನಡುವೆ ‘ವಿಂಡ್ ಆಫ್ ಚೇಂಜ್’ ಎಂಬ ಮೆಲುದನಿಯ ಹಾಡನ್ನಿಟ್ಟು ಲೋಕವನ್ನೇ ಗೆದ್ದಿತು. ಅಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುತ್ತದೆ. ಬುರ್ರಕಥೆಯಲ್ಲಿ ಆ ಬಿಡುವೂ ಇಲ್ಲ. ವೀರದಿಂದ ಶೋಕಕ್ಕೆ ಒಂದೇ ಉಸಿರಿನಲ್ಲಿ ಇಳಿಯಬೇಕು. ಗಾಯಕಿಯ ಕಸುಬುಗಾರಿಕೆ ಇರುವುದು ಆ ಇಳಿತದಲ್ಲೇ.

ಈ ಕಲೆ ಕನ್ನಡ, ತೆಲುಗು ಎರಡೂ ಭಾಷೆಗಳಲ್ಲಿ ಬಾಳಿದ್ದಕ್ಕೂ ಕಾರಣವಿದೆ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸಂದ ಬಳ್ಳಾರಿ ಒಂದೂವರೆ ಶತಮಾನ ಮದರಾಸಿನ ಆಡಳಿತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಜಿಲ್ಲೆ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ ಗಡಿಯ ಊರಾಯಿತು. ಆಂಧ್ರದ ಕಡೆ 1940ರ ದಶಕದಲ್ಲಿ ಪ್ರಜಾನಾಟ್ಯ ಮಂಡಳಿ ಬುರ್ರಕಥೆಯನ್ನು ರೈತ ಹೋರಾಟದ ದನಿಯಾಗಿಸಿತು. ಅಲ್ಲಿನ ಹೆಸರಾಂತ ಗಾಯಕ ಶೇಖ್ ನಾಜರ್‌ಗೆ 1986ರಲ್ಲಿ ಪದ್ಮಶ್ರೀ ಬಂತು.

ಕನ್ನಡದ ಕಡೆ ಆ ಎತ್ತರಕ್ಕೆ ಏರಿದವರು ದರೋಜಿ ಈರಮ್ಮ. ಸಂಡೂರು ತಾಲ್ಲೂಕಿನ ದರೋಜಿಯವರು, 1930ರಲ್ಲಿ ಹುಟ್ಟಿದವರು. ಮನೆಮಾತು ತೆಲುಗು, ಹಾಡಿದ್ದು ಕನ್ನಡದಲ್ಲಿ. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿ ಕುಮಾರರಾಮ, ಬಾಲನಾಗಮ್ಮ, ಬೊಬ್ಬಿಲಿ ನಾಗಿರೆಡ್ಡಿ, ಜೈಸಿಂಗರಾಜ, ಕೃಷ್ಣಗೊಲ್ಲರಂಥ ಕಾವ್ಯಗಳು ಇಡಿಯಾಗಿ ಇದ್ದವು. ಮನೆಯ ಹೆಣ್ಣುಮಕ್ಕಳನ್ನೇ ಜೊತೆ ಮಾಡಿಕೊಂಡು ತಂಡ ಕಟ್ಟಿದರು. ಅಲೆಮಾರಿ ಬದುಕಿನ ಬಡತನದಲ್ಲಿ ಇದು ಸಣ್ಣ ಮಾತಲ್ಲ. ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟು, ಅವರು ಹಾಡಿದ ಕಾವ್ಯಗಳನ್ನು ಅಚ್ಚು ಹಾಕಿಸಿತು. 2014ರಲ್ಲಿ ಅವರು ತೀರಿಕೊಂಡರು.

ಅಚ್ಚಾದ ಪುಸ್ತಕ ದೊಡ್ಡ ಉಪಕಾರವೇ ಸರಿ. ಆದರೆ ಗುಮ್ಮಟೆ ಎಲ್ಲಿ ಗುಡುಗಿತು, ಕೊರಳು ಎಲ್ಲಿ ಕರಗಿತು ಎಂಬುದನ್ನು ಪುಟ ಹೇಳಲಾರದು. ಪಠ್ಯದ ಜೊತೆಗೆ ಇಡೀ ರಾತ್ರಿಯ ಧ್ವನಿಯೂ ಜನರಿಗೆ ಸಿಗಬೇಕು. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಮನೆಗಳಲ್ಲಿ ಯಾರ ಬಳಿಯಾದರೂ ಬುರ್ರಕಥೆಯ ಹಳೆಯ ಕ್ಯಾಸೆಟ್ ಉಳಿದಿದ್ದರೆ, ಟೇಪು ಹಾಳಾಗುವ ಮೊದಲು ಅದರ ಒಂದು ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ ತಲುಪಿಸಿ.