ಕ್ಯಾನ್ಸರ್ ಸಂಶೋಧನೆ, ಆರೋಗ್ಯ ನೀತಿ ಮತ್ತು ರೋಗಿಗಳ ಹಕ್ಕೊತ್ತಾಯ

ಸ್ವರೂಪ

ಕ್ಯಾನ್ಸರ್ ರೋಗಿಗಳು, ಗುಣಮುಖರಾದವರು ಮತ್ತು ಅವರ ಕುಟುಂಬದವರು ಒಟ್ಟಾಗಿ ಸಂಶೋಧನೆಗೆ ಹಣ, ಔಷಧಕ್ಕೆ ನ್ಯಾಯವಾದ ಬೆಲೆ, ರೋಗ ತಡೆಯುವ ಕಾನೂನು ಮೊದಲಾದವುಗಳನ್ನು ಕೇಳುವ ಸಂಘಟಿತ ಪ್ರಯತ್ನವೇ ರೋಗಿಗಳ ಹಕ್ಕೊತ್ತಾಯ. ಪೇಷೆಂಟ್ ಅಡ್ವೊಕೆಸಿ ಎಂಬ ಇಂಗ್ಲಿಷ್ ಹೆಸರೂ ಇದಕ್ಕೆ ಬಳಕೆಯಲ್ಲಿದೆ. ದೇಣಿಗೆ ಸಂಗ್ರಹಿಸಿ ಆಸ್ಪತ್ರೆಗೆ ನೀಡುವುದು ಸೇವೆ. ಸಾರ್ವಜನಿಕ ಹಣ ಎಲ್ಲಿಗೆ ಹೋಗಬೇಕು ಎಂಬ ನಿರ್ಧಾರದಲ್ಲೇ ಪಾಲು ಕೇಳುವುದು ಹಕ್ಕೊತ್ತಾಯ. ಯಾವ ರೋಗಕ್ಕೆ ಎಷ್ಟು ಹಣ ಎಂಬುದನ್ನು ಶಾಸಕರೂ ಯಾವ ಸಂಶೋಧನೆಗೆ ಎಷ್ಟು ಎಂಬುದನ್ನು ವಿಜ್ಞಾನಿಗಳೂ ನಿರ್ಧರಿಸುತ್ತ ಬಂದಿದ್ದಾರೆ. ಆ ನಿರ್ಧಾರಗಳ ಫಲವನ್ನು ದೇಹದಲ್ಲಿ ಅನುಭವಿಸುವ ರೋಗಿ ಬಹುಕಾಲ ಈ ಎರಡೂ ಕಡೆ ಇರಲಿಲ್ಲ.

ಹಿನ್ನೆಲೆ

ಕ್ಯಾನ್ಸರ್ ಸಂಶೋಧನೆಗಾಗಿ ದೊಡ್ಡ ಪ್ರಮಾಣದ ಒತ್ತಡ ಮೊದಲು ಕಂಡುಬಂದದ್ದು ಅಮೆರಿಕದಲ್ಲಿ. ಸಮಾಜಸೇವಕಿ ಮೇರಿ ಲಾಸ್ಕರ್ ಮತ್ತು ಮಕ್ಕಳ ಕ್ಯಾನ್ಸರ್ ತಜ್ಞ ಸಿಡ್ನಿ ಫಾರ್ಬರ್ ಅದರ ಮುಂಚೂಣಿಯಲ್ಲಿದ್ದರು. 1969ರ ಡಿಸೆಂಬರ್‌ನಲ್ಲಿ ಲಾಸ್ಕರ್ ಬಳಗದವರು ಅಧ್ಯಕ್ಷ ನಿಕ್ಸನ್ ಅವರನ್ನು ನೇರವಾಗಿ ಉದ್ದೇಶಿಸಿ ಪತ್ರಿಕೆಯಲ್ಲಿ ಪೂರ್ಣ ಪುಟದ ಜಾಹೀರಾತು ಕೊಟ್ಟರು. ಈ ಒತ್ತಡದ ಫಲವಾಗಿ 1971ರ ಡಿಸೆಂಬರ್ 23ರಂದು ರಾಷ್ಟ್ರೀಯ ಕ್ಯಾನ್ಸರ್ ಕಾಯ್ದೆಗೆ ಅಂಕಿತ ಬಿತ್ತು. ಇದು ಬಹುಮಟ್ಟಿಗೆ ರೋಗಿಗಳ ಪರವಾಗಿ ಪ್ರಭಾವಿಗಳು ನಡೆಸಿದ ಕೆಲಸ.

ರೋಗಿಯೇ ಮುಂದೆ ನಿಂತದ್ದಕ್ಕೆ ಸ್ಪಷ್ಟ ನಿದರ್ಶನ ಪತ್ರಕರ್ತೆ ರೋಸ್ ಕುಶ್ನರ್. ಆಗಿನ ರೂಢಿಯಂತೆ ಸ್ತನದಲ್ಲಿ ಗಂಟು ಕಂಡ ಮಹಿಳೆಗೆ ಅರಿವಳಿಕೆ ಕೊಟ್ಟು ಬಯಾಪ್ಸಿ ಮಾಡುತ್ತಿದ್ದರು. ಕ್ಯಾನ್ಸರ್ ಎಂದು ಕಂಡುಬಂದರೆ ಆಕೆ ಎಚ್ಚರಗೊಳ್ಳುವ ಮೊದಲೇ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ತೆಗೆದುಬಿಡುತ್ತಿದ್ದರು. 1974ರಲ್ಲಿ ತಮಗೇ ಕ್ಯಾನ್ಸರ್ ಬಂದಾಗ ಕುಶ್ನರ್ ಇದಕ್ಕೆ ಒಪ್ಪಲಿಲ್ಲ. ಪರೀಕ್ಷೆ ಬೇರೆ, ಶಸ್ತ್ರಚಿಕಿತ್ಸೆ ಬೇರೆ, ನಡುವೆ ರೋಗಿಗೆ ಯೋಚಿಸಲು ಕಾಲಾವಕಾಶ ಬೇಕು ಎಂಬುದು ಅವರ ವಾದ. ವೈದ್ಯಕೀಯ ಸಾಹಿತ್ಯವನ್ನು ಓದಿ, ಪುಸ್ತಕ ಬರೆದು, ಸಭೆಗಳಲ್ಲಿ ಪ್ರಶ್ನಿಸಿದ ಅವರು 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ರಚಿಸಿದ ತಜ್ಞ ಸಮಿತಿಯಲ್ಲಿ ವೈದ್ಯರಲ್ಲದ ಏಕೈಕ ಸದಸ್ಯೆಯಾಗಿದ್ದರು. ಎರಡು ಹಂತದ ವಿಧಾನವನ್ನೇ ಆ ಸಮಿತಿ ಶಿಫಾರಸು ಮಾಡಿತು.

ರಕ್ಷಣಾ ಬಜೆಟ್ಟಿನಲ್ಲಿ ಸ್ತನ ಕ್ಯಾನ್ಸರ್

1991ರಲ್ಲಿ ಅಮೆರಿಕದ ಹಲವು ಸಂಘಟನೆಗಳು ಸೇರಿ ರಾಷ್ಟ್ರೀಯ ಸ್ತನ ಕ್ಯಾನ್ಸರ್ ಒಕ್ಕೂಟವನ್ನು ರಚಿಸಿದವು. ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡಿದ್ದ ವಕೀಲೆ ಫ್ರಾನ್ ವಿಸ್ಕೊ ಅದರ ಅಧ್ಯಕ್ಷೆಯಾದರು. ಆ ವರ್ಷ ದೇಶದಲ್ಲಿ ಸ್ತನ ಕ್ಯಾನ್ಸರ್‌ಗೆ ತುತ್ತಾಗುವರೆಂದು ಅಂದಾಜಿಸಲಾಗಿದ್ದ 1,75,000 ಮಹಿಳೆಯರ ಲೆಕ್ಕಕ್ಕೆ ಅಷ್ಟೇ ಪತ್ರಗಳನ್ನು ವಾಷಿಂಗ್ಟನ್‌ಗೆ ತಲುಪಿಸುವುದು ಒಕ್ಕೂಟದ ಮೊದಲ ಗುರಿಯಾಗಿತ್ತು. ತಲುಪಿದ ಪತ್ರಗಳು ಸುಮಾರು 6 ಲಕ್ಷ.

ಪತ್ರಗಳಷ್ಟೇ ಸಾಲವು ಎಂಬುದನ್ನು ಒಕ್ಕೂಟ ಅರಿತಿತ್ತು. 1992ರಲ್ಲಿ ಅದು ವಿಜ್ಞಾನಿಗಳನ್ನು ಕರೆಸಿ, ಯಾವ ಸಂಶೋಧನೆ ಬಾಕಿ ಇದೆ, ಅದಕ್ಕೆ ಎಷ್ಟು ಹಣ ಬೇಕು ಎಂದು ವಿಚಾರಿಸಿತು. ಅವರ ಉತ್ತರದ ಆಧಾರದಲ್ಲಿ 30 ಕೋಟಿ ಡಾಲರ್ ಹೆಚ್ಚುವರಿ ಅನುದಾನ ಕೇಳಿತು. ಆದರೆ ದೇಶೀಯ ವೆಚ್ಚಕ್ಕೆ 1990ರ ಬಜೆಟ್ ಕಾನೂನು ಮಿತಿ ಹಾಕಿತ್ತು. ರಕ್ಷಣಾ ಇಲಾಖೆಯ ಹಣವನ್ನು ಆರೋಗ್ಯಕ್ಕೆ ವರ್ಗಾಯಿಸಲೂ ಅವಕಾಶವಿರಲಿಲ್ಲ. ಸ್ತನ ಕ್ಯಾನ್ಸರ್‌ನಿಂದ ಇಬ್ಬರು ಸಹೋದರಿಯರನ್ನು ಕಳೆದುಕೊಂಡಿದ್ದ ಸೆನೆಟರ್ ಟಾಮ್ ಹಾರ್ಕಿನ್ ಇದಕ್ಕೊಂದು ದಾರಿ ಕಂಡುಕೊಂಡರು. ಹಣವನ್ನು ವರ್ಗಾಯಿಸುವುದು ಬೇಡ, ಸೇನೆಯ ವೈದ್ಯಕೀಯ ವಿಭಾಗವೇ ಸಂಶೋಧನೆಗೆ ಖರ್ಚು ಮಾಡಲಿ ಎಂಬುದು ಅವರ ಸಲಹೆ. 1993ರ ಹಣಕಾಸು ವರ್ಷಕ್ಕೆ ರಕ್ಷಣಾ ಬಜೆಟ್ಟಿನಲ್ಲಿ ಈ ಉದ್ದೇಶಕ್ಕೆ 21 ಕೋಟಿ ಡಾಲರ್ ಮಂಜೂರಾಯಿತು. ಅಂದು ಆರಂಭವಾದ ಕಾರ್ಯಕ್ರಮ ಇದುವರೆಗೆ 400 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಪಡೆದಿದೆ.

ಪರಿಶೀಲನಾ ಸಮಿತಿಯಲ್ಲಿ ರೋಗಿ

ಹಣ ದೊರೆತದ್ದಕ್ಕಿಂತ ದೊಡ್ಡ ಬದಲಾವಣೆ ಅದನ್ನು ಹಂಚುವ ವಿಧಾನದಲ್ಲಿ ಆಯಿತು. ಈ ಕಾರ್ಯಕ್ರಮದಲ್ಲಿ ಸಂಶೋಧಕರ ಪ್ರತಿ ಅರ್ಜಿಗೆ ಎರಡು ಹಂತದ ಪರಿಶೀಲನೆ ಇದೆ. ಮೊದಲನೆಯದು ವೈಜ್ಞಾನಿಕ ಗುಣಮಟ್ಟದ ಪರಿಶೀಲನೆ. ಎರಡನೆಯದು ಕಾರ್ಯಕ್ರಮದ ಗುರಿಗಳಿಗೆ ಅರ್ಜಿ ಎಷ್ಟು ಹೊಂದುತ್ತದೆ ಎಂಬ ತುಲನೆ. ಎರಡರಲ್ಲೂ ಸ್ತನ ಕ್ಯಾನ್ಸರ್ ಅನುಭವಿಸಿದವರು ಸದಸ್ಯರಾಗಿರುತ್ತಾರೆ, ವಿಜ್ಞಾನಿಗಳಿಗೆ ಸಮನಾದ ಮತ ಅವರಿಗೂ ಇರುತ್ತದೆ.

ರೋಗಿ ಸದಸ್ಯೆಗೆ ಅರ್ಜಿಗಳು ಸಭೆಗೆ ಮೊದಲೇ ಬರುತ್ತವೆ. ಜನಸಾಮಾನ್ಯರ ಭಾಷೆಯಲ್ಲಿ ಬರೆದ ಸಾರಾಂಶವನ್ನೂ ಸಂಶೋಧನೆ ಬೀರಬಹುದಾದ ಪರಿಣಾಮದ ಹೇಳಿಕೆಯನ್ನೂ ಆಕೆ ವಿಶೇಷವಾಗಿ ಗಮನಿಸಿ ಲಿಖಿತ ಅಭಿಪ್ರಾಯ ಸಿದ್ಧಪಡಿಸುತ್ತಾರೆ. ಸಭೆಯಲ್ಲಿ ಅದನ್ನು ಮಂಡಿಸಿ ಚರ್ಚಿಸುತ್ತಾರೆ, ಅಂಕ ನೀಡುತ್ತಾರೆ. ಈ ಫಲಿತಾಂಶದಿಂದ ರೋಗಿಯ ಬದುಕಿನಲ್ಲಿ ಏನು ಬದಲಾಗುತ್ತದೆ, ಪದೇ ಪದೇ ಬಯಾಪ್ಸಿ ಮಾಡಿಸಿಕೊಳ್ಳಲು ಎಷ್ಟು ಮಂದಿ ಒಪ್ಪಿಯಾರು ಎಂಬಂಥ ಪ್ರಶ್ನೆಗಳು ಸಹಜವಾಗಿ ಬರುವುದು ಈ ಆಸನದಿಂದಲೇ.

ಇಂಥ ಕೆಲಸಕ್ಕೆ ಓದು ಬೇಕು. ಒಕ್ಕೂಟವು 1995ರಲ್ಲಿ ಪ್ರಾಜೆಕ್ಟ್ ಲೀಡ್ ಎಂಬ ತರಬೇತಿ ಆರಂಭಿಸಿ, ಸದಸ್ಯರಿಗೆ ಜೀವಕೋಶ ವಿಜ್ಞಾನ, ರೋಗಪ್ರಸರಣ ಶಾಸ್ತ್ರ ಮತ್ತು ಪ್ರಯೋಗಗಳ ಫಲಿತಾಂಶ ವಿಶ್ಲೇಷಿಸುವ ಕ್ರಮವನ್ನು ಕಲಿಸತೊಡಗಿತು.

ಒತ್ತಾಯ ಪುರಾವೆಯನ್ನು ಮೀರಿದಾಗ

ಹಕ್ಕೊತ್ತಾಯದಿಂದ ಹಾನಿಯೂ ಆಗಬಹುದು. ಅದನ್ನು ಮುಚ್ಚಿಡುವುದು ರೋಗಿಗಳಿಗೇ ಮಾಡುವ ಅನ್ಯಾಯ. 1990ರ ದಶಕದಲ್ಲಿ ತೀವ್ರ ಪ್ರಮಾಣದ ಕೀಮೋಥೆರಪಿ ಕೊಟ್ಟು ಬಳಿಕ ಅಸ್ಥಿಮಜ್ಜೆ ಕಸಿ ಮಾಡುವ ಚಿಕಿತ್ಸೆ ಸ್ತನ ಕ್ಯಾನ್ಸರ್‌ಗೆ ಆಶಾಕಿರಣವೆಂದು ಪ್ರಚಾರಗೊಂಡಿತ್ತು. ವಿಮಾ ಸಂಸ್ಥೆಗಳು ಅದರ ವೆಚ್ಚ ಭರಿಸಬೇಕೆಂದು ರೋಗಿಗಳು ನ್ಯಾಯಾಲಯಗಳಿಗೆ ಹೋದರು. ಚಿಕಿತ್ಸೆಯ ವೆಚ್ಚ ನಿರಾಕರಿಸಿದ ಸಂಸ್ಥೆಯೊಂದರ ಮೇಲೆ 1993ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 8.9 ಕೋಟಿ ಡಾಲರ್ ಪರಿಹಾರದ ಹೊರೆ ಹೊರಿಸಿತು. 1999ರಲ್ಲಿ ಐದು ಪ್ರಯೋಗಗಳ ಫಲಿತಾಂಶ ಹೊರಬಂದಾಗ ನಾಲ್ಕರಲ್ಲಿ ಈ ಚಿಕಿತ್ಸೆಯ ಹೆಚ್ಚುಗಾರಿಕೆ ಕಾಣಲಿಲ್ಲ. ಲಾಭವಿದೆ ಎಂದ ದಕ್ಷಿಣ ಆಫ್ರಿಕಾದ ಐದನೆಯ ಪ್ರಯೋಗದಲ್ಲಿ ವಂಚನೆ ನಡೆದಿದ್ದುದು 2000ದಲ್ಲಿ ಬಯಲಾಯಿತು. ಅಷ್ಟರೊಳಗೆ ಸಾವಿರಾರು ಮಹಿಳೆಯರು ಆ ಯಾತನೆಯನ್ನು ಅನುಭವಿಸಿದ್ದರು.

ಭಾರತದಲ್ಲಿ: ಗ್ಲಿವೆಕ್ ಪ್ರಕರಣ

ಭಾರತದ ರೋಗಿಗಳ ಸಂಘಟನೆಗಳ ದೊಡ್ಡ ಹೋರಾಟ ನಡೆದದ್ದು ಔಷಧದ ಬೆಲೆಗಾಗಿ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಬಹು ಪರಿಣಾಮಕಾರಿ ಮಾತ್ರೆ. ಸ್ವಿಟ್ಜರ್ಲೆಂಡ್ ಮೂಲದ ನೊವಾರ್ಟಿಸ್ ಕಂಪನಿ ಅದನ್ನು ಗ್ಲಿವೆಕ್ ಹೆಸರಿನಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿಗೆ ಮಾರುತ್ತಿತ್ತು. ಭಾರತೀಯ ಕಂಪನಿಗಳ ಜನರಿಕ್ ಮಾತ್ರೆಗೆ ತಗಲುತ್ತಿದ್ದದ್ದು 8ರಿಂದ 10 ಸಾವಿರ. ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾದ ಕುಟುಂಬಕ್ಕೆ ಈ ಅಂತರವೇ ಬದುಕು-ಸಾವಿನ ಅಂತರ.

ಈ ಔಷಧದ ಹೊಸ ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಪೇಟೆಂಟ್ ಕೇಳಿದಾಗ ಮುಂಬೈನ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಮತ್ತು ಜನರಿಕ್ ತಯಾರಕರು ಆಕ್ಷೇಪಣೆ ಸಲ್ಲಿಸಿದರು. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿತು. ವಾದವೆಲ್ಲ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಸುತ್ತ ನಡೆಯಿತು. ಈಗಾಗಲೇ ತಿಳಿದಿರುವ ವಸ್ತುವಿನ ಹೊಸ ರೂಪಕ್ಕೆ, ಪರಿಣಾಮಕಾರಿತ್ವ ಹೆಚ್ಚಿದ್ದರೆ ಮಾತ್ರ, ಪೇಟೆಂಟ್ ಎಂದು ಅದು ಹೇಳುತ್ತದೆ. ತನ್ನ ಹೊಸ ರೂಪ ಹೆಚ್ಚು ಸ್ಥಿರವಾಗಿದೆ, ದೇಹಕ್ಕೆ ಶೇ 30ರಷ್ಟು ಹೆಚ್ಚು ಲಭ್ಯವಾಗುತ್ತದೆ ಎಂದು ಕಂಪನಿ ವಾದಿಸಿತು. ಪರಿಣಾಮಕಾರಿತ್ವವೆಂದರೆ ರೋಗ ಗುಣಪಡಿಸುವ ಶಕ್ತಿ, ಅದು ಹೆಚ್ಚಿರುವುದಕ್ಕೆ ಪುರಾವೆಯಿಲ್ಲ ಎಂದು ನ್ಯಾಯಾಲಯ 2013ರ ಏಪ್ರಿಲ್ 1ರಂದು ಮೇಲ್ಮನವಿಯನ್ನು ವಜಾ ಮಾಡಿತು.

ಇತರ ಕ್ಷೇತ್ರಗಳು

ಭಾರತದ ತಂಬಾಕು ನಿಯಂತ್ರಣದಲ್ಲೂ ಸಂತ್ರಸ್ತರ ಪಾತ್ರವಿದೆ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ತುತ್ತಾದವರು ವಾಯ್ಸ್ ಆಫ್ ಟೊಬ್ಯಾಕೊ ವಿಕ್ಟಿಮ್ಸ್ ಹೆಸರಿನಲ್ಲಿ ಕಠಿಣ ನಿಯಮಗಳಿಗಾಗಿ ಜನಪ್ರತಿನಿಧಿಗಳ ಬಳಿ ಹೋದರು. ತಂಬಾಕು ಪೊಟ್ಟಣದ ಶೇ 85ರಷ್ಟು ಭಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿದರೆ, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಸಂಶೋಧನೆಯ ಪರಿಶೀಲನೆಯಲ್ಲೂ ಜನಸಾಮಾನ್ಯರಿಗೆ ಸ್ವಲ್ಪ ಸ್ಥಾನವಿದೆ. ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಪ್ರತಿ ನೈತಿಕ ಸಮಿತಿಯಲ್ಲಿ ಒಬ್ಬ ಜನಸಾಮಾನ್ಯ ಸದಸ್ಯ ಇರಲೇಬೇಕು. ಆದರೆ ಆ ಸಮಿತಿ ನೋಡುವುದು ಪ್ರಯೋಗಕ್ಕೆ ಒಳಗಾಗುವವರ ಸುರಕ್ಷತೆ ಮತ್ತು ಹಕ್ಕುಗಳನ್ನು. ಯಾವ ಸಂಶೋಧನೆಗೆ ಸಾರ್ವಜನಿಕ ಹಣ ಸಲ್ಲಬೇಕು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.